ವೆಲ್ಡಿಂಗ್ ಕೇಬಲ್ಲು: ಹೋಗುವ ದಾರಿ, ಹಿಂದಿರುಗುವ ದಾರಿ

ಗೇಟು, ಕಿಟಕಿಯ ಸರಳು, ಟ್ರ್ಯಾಕ್ಟರಿನ ಟ್ರೈಲರು ಮುಂತಾದುವನ್ನು ಬೆಸೆಯುವ ವೆಲ್ಡಿಂಗ್ ಅಂಗಡಿಯನ್ನು ನೋಡದವರು ಇಂದು ಯಾರೂ ಇರಲಾರರು. ಅಲ್ಲಿ ನಮ್ಮ ದೃಷ್ಟಿಯನ್ನು ಮೊದಲು ಸೆಳೆಯುವುದು ಕಡ್ಡಿಯ ತುದಿಯಲ್ಲಿ ಹೊಳೆಯುವ ನೀಲಿ ಬಿಳುಪಿನ ಬೆಳಕು. ಅದನ್ನು ಬರಿಗಣ್ಣಿನಿಂದ ನೋಡಬಾರದೆಂದು ಎಲ್ಲರೂ ಬಲ್ಲರು, ಆದರೂ ನೋಡುತ್ತಾರೆ. ಆ ಬೆಳಕಿನ ಹಿಂದೆ ನೆಲದ ಮೇಲೆ ಹಾವಿನಂತೆ ಬಿದ್ದಿರುವ ಎರಡು ಕರಿಯ ಕೇಬಲ್ಲುಗಳತ್ತ ಮಾತ್ರ ಯಾರ ಗಮನವೂ ಹರಿಯುವುದಿಲ್ಲ. ಒಂದು, ಯಂತ್ರದಿಂದ ಹೊರಟು ಬೆಸುಗೆಗಾರನ ಕೈಯಲ್ಲಿರುವ ಹೋಲ್ಡರನ್ನು ಸೇರುತ್ತದೆ. ಮತ್ತೊಂದು, ಬೆಸೆಯಬೇಕಾದ ಕಬ್ಬಿಣದಿಂದ ಹೊರಟು ಯಂತ್ರಕ್ಕೆ ಮರಳುತ್ತದೆ. ಹೆಬ್ಬೆರಳ ದಪ್ಪದ ಈ ಕೇಬಲ್ಲುಗಳನ್ನು ನೋಡಿದಾಗ ವಿಜ್ಞಾನದ ವಿದ್ಯಾರ್ಥಿಗೆ ಒಂದು ಸಂದೇಹ ಹುಟ್ಟಬೇಕು. ಮನೆಯ ಗೋಡೆಯೊಳಗೆ ೨೩೦ ವೋಲ್ಟಿನ ವಿದ್ಯುತ್ತನ್ನು ಹೊತ್ತೊಯ್ಯುವ ತಾಮ್ರದ ತಂತಿ ಪೊರಕೆಕಡ್ಡಿಯಷ್ಟು ತೆಳ್ಳಗಿದೆ. ಬೆಸುಗೆಯ ಕೇಬಲ್ಲಿನಲ್ಲಿರುವುದಾದರೋ ಕೇವಲ ಇಪ್ಪತ್ತು ಮೂವತ್ತು ವೋಲ್ಟು. ಕಡಮೆ ವೋಲ್ಟಿಗೆ ಇಷ್ಟು ದಪ್ಪ ತಂತಿ ಏತಕ್ಕೆ?

ವೋಲ್ಟು ಕಡಮೆಯಾದುದರಿಂದಲೇ ತಂತಿ ದಪ್ಪವಾಗಬೇಕಾಯಿತು ಎಂಬುದು ಇದಕ್ಕೆ ಉತ್ತರ. ತಂತಿಯನ್ನು ಕಾಯಿಸುವುದು ವೋಲ್ಟೇಜಲ್ಲ, ಅದರಲ್ಲಿ ಹರಿಯುವ ಪ್ರವಾಹ. ೭೫೦ ವ್ಯಾಟಿನ ಇಸ್ತ್ರಿಪೆಟ್ಟಿಗೆ ನಮ್ಮ ಮನೆಯಲ್ಲಿ ಎಳೆದುಕೊಳ್ಳುವ ಪ್ರವಾಹ ಮೂರು ಆಂಪೇರಿಗೆ ಸ್ವಲ್ಪ ಹೆಚ್ಚು. ನಾಲ್ಕು ಮಿಲಿಮೀಟರಿನಷ್ಟು ದಪ್ಪದ ಬೆಸುಗೆ ಕಡ್ಡಿಯೊಂದು ಉರಿಯುವಾಗ ೧೫೦ರಿಂದ ೨೦೦ ಆಂಪೇರುಗಳು ಹರಿಯುತ್ತವೆ. ೨೦೦ ಆಂಪೇರಿನಲ್ಲಿ ಕಡ್ಡಿಗೂ ಕಬ್ಬಿಣಕ್ಕೂ ನಡುವೆ ಇರುವ ವಿಭವಾಂತರ ಸುಮಾರು ೨೮ ವೋಲ್ಟು. ಇವೆರಡನ್ನೂ ಗುಣಿಸಿದರೆ ೫,೬೦೦ ವ್ಯಾಟು. ಗೋಲಿಯಷ್ಟು ಸ್ಥಳದಲ್ಲಿ ಇಷ್ಟು ಶಕ್ತಿ ಉಷ್ಣವಾಗಿ ಬಿಡುಗಡೆಯಾಗುವುದರಿಂದಲೇ ೧,೫೩೮ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವ ಕಬ್ಬಿಣ ಕ್ಷಣಾರ್ಧದಲ್ಲಿ ನೀರಾಗುತ್ತದೆ.

ಇದರ ತದ್ವಿರುದ್ಧವಾದ ಉದಾಹರಣೆ ನಮ್ಮ ನಾಡಿನಲ್ಲಿಯೇ ಇದೆ. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು ೧೪೭ ಕಿಲೋಮೀಟರ್ ದೂರ ವಿದ್ಯುತ್ತನ್ನು ಸಾಗಿಸಿದಾಗ ಎಂಜಿನಿಯರುಗಳು ವೋಲ್ಟೇಜನ್ನು ಮೂವತ್ತು ಸಾವಿರದ ಸುಮಾರಿಗೆ ಏರಿಸಿದರು. ವೋಲ್ಟೇಜು ಏರಿದಷ್ಟೂ ಅದೇ ಶಕ್ತಿಗೆ ಬೇಕಾಗುವ ಪ್ರವಾಹ ಇಳಿಯುತ್ತದೆ. ಪ್ರವಾಹ ಇಳಿದರೆ ತೆಳುವಾದ ತಂತಿಯೂ ಸಾಕು. ಬೆಸುಗೆಯ ಯಂತ್ರ ಮಾಡುವುದು ಇದಕ್ಕೆ ವಿರುದ್ಧವಾದ ಕೆಲಸ. ಅದು ಹಳೆಯ ಟ್ರಾನ್ಸ್‌ಫಾರ್ಮರೇ ಆಗಿರಲಿ, ಕೈಚೀಲದಂತೆ ಹಿಡಿದೊಯ್ಯಬಹುದಾದ ಇಂದಿನ ಇನ್‌ವರ್ಟರೇ ಆಗಿರಲಿ, ಬಂದ ವೋಲ್ಟೇಜನ್ನು ತಗ್ಗಿಸಿ ಪ್ರವಾಹವನ್ನು ಹಿಗ್ಗಿಸುತ್ತದೆ. ಆ ಹಿಗ್ಗಿದ ಪ್ರವಾಹವನ್ನು ಹೊರುವ ಭಾರ ಕೇಬಲ್ಲಿನ ಮೇಲೆ ಬೀಳುತ್ತದೆ.

ವಿದ್ಯುಚ್ಚಾಪದಿಂದ, ಎಂದರೆ ಆರ್ಕಿನಿಂದ, ಲೋಹವನ್ನು ಬೆಸೆಯಬಹುದೆಂದು ಮೊದಲು ತೋರಿಸಿ ಸನ್ನದು ಪಡೆದವರು ರಷ್ಯದ ನಿಕೊಲಾಯ್ ಬೆನಾರ್ದೊಸ್ ಮತ್ತು ಪೋಲೆಂಡಿನ ಸ್ತಾನಿಸ್ಲಾವ್ ಓಲ್ಶೆವ್‌ಸ್ಕಿ. ೧೮೮೫ರಿಂದ ೧೮೮೭ರ ಅವಧಿಯಲ್ಲಿ ಹಲವು ದೇಶಗಳಲ್ಲಿ ಅವರಿಗೆ ಸನ್ನದು ದೊರೆಯಿತು. ಗ್ರೀಕರ ಕಮ್ಮಾರ ದೇವತೆ ಹೆಫೆಸ್ಟಸ್ಸಿನ ಹೆಸರನ್ನು ಬೆನಾರ್ದೊಸ್ ತನ್ನ ವಿಧಾನಕ್ಕೆ ಇಟ್ಟನು. ನಮ್ಮ ನಾಡಿನವನಾಗಿದ್ದರೆ ವಿಶ್ವಕರ್ಮನನ್ನು ನೆನೆಯುತ್ತಿದ್ದನೋ ಏನೋ. ಅವನು ಬಳಸಿದುದು ಇಂಗಾಲದ ಕಡ್ಡಿ. ೧೮೮೮ರಲ್ಲಿ ಸ್ಲಾವ್ಯಾನೊವ್ ಎಂಬ ಮತ್ತೊಬ್ಬ ರಷ್ಯನ್ನನು ಲೋಹದ ಕಡ್ಡಿಯನ್ನೇ ಕರಗಿಸಿ ಬೆಸುಗೆಗೆ ತುಂಬಿದನು. ಈ ಶತಮಾನಕ್ಕೆ ಹಿಂದಿನ ಶತಮಾನದ ಮೊದಲ ದಶಕದಲ್ಲಿ ಸ್ವೀಡನ್ನಿನ ಆಸ್ಕರ್ ಷೆಲ್ಬೆರಿ ಕಡ್ಡಿಗೆ ಲೇಪವನ್ನು ಕೊಟ್ಟನು. ಕಡ್ಡಿ ಬದಲಾಯಿತು, ಯಂತ್ರ ಬದಲಾಯಿತು. ಎರಡು ಕೇಬಲ್ಲುಗಳು ಮಾತ್ರ ಅಂದಿನಂತೆಯೇ ಉಳಿದುವು.

ಒಂದು ಆಲೆಮನೆಯ ಲೆಕ್ಕ

ಎಷ್ಟು ದಪ್ಪದ ಕೇಬಲ್ಲು ಬೇಕು? ಒಂದು ಉದಾಹರಣೆಯಿಂದ ನೋಡೋಣ. ಮಂಡ್ಯದ ಕಡೆಯ ಒಂದು ಆಲೆಮನೆಯನ್ನು ಊಹಿಸಿಕೊಳ್ಳಿ. ಕಬ್ಬಿನ ಗಾಣದ ಕಬ್ಬಿಣದ ಚೌಕಟ್ಟು ಬಿರುಕು ಬಿಟ್ಟಿದೆ. ಗಾಣವನ್ನು ಎತ್ತಿ ಸಾಗಿಸುವಂತಿಲ್ಲ, ಬೆಸುಗೆಗಾರನೇ ಬರಬೇಕು. ವಿದ್ಯುತ್ ಮೀಟರಿನ ಕೊಠಡಿ ಗಾಣದಿಂದ ೩೦ ಮೀಟರ್ ದೂರದಲ್ಲಿದೆ. ಯಂತ್ರವನ್ನು ಅಲ್ಲಿಯೇ ಇರಿಸಿ ಕೇಬಲ್ಲುಗಳನ್ನು ಗಾಣದವರೆಗೆ ಎಳೆಯಬೇಕು. ಹೋಗುವುದಕ್ಕೆ ೩೦ ಮೀಟರ್, ಬರುವುದಕ್ಕೆ ೩೦ ಮೀಟರ್, ಒಟ್ಟು ೬೦ ಮೀಟರ್. ಈ 'ಬರುವುದನ್ನು' ಲೆಕ್ಕಕ್ಕೆ ಹಿಡಿಯದಿರುವುದೇ ಸಾಮಾನ್ಯವಾಗಿ ನಡೆಯುವ ತಪ್ಪು.

ಒಂದು ಮೀಟರ್ ಉದ್ದ, ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತ ಇರುವ ತಾಮ್ರದ ತಂತಿಯ ರೋಧ ೨೦ ಡಿಗ್ರಿ ಉಷ್ಣತೆಯಲ್ಲಿ ೦.೦೧೭೨ ಓಮ್. ಉದ್ದ ಹೆಚ್ಚಿದಂತೆ ರೋಧ ಹೆಚ್ಚುತ್ತದೆ, ಅಡ್ಡಕೊಯ್ತ ಹೆಚ್ಚಿದಂತೆ ಕುಗ್ಗುತ್ತದೆ. ಬೆಸುಗೆಗಾರನು ೧೬ ಚದರ ಮಿಲಿಮೀಟರಿನ ಕೇಬಲ್ಲನ್ನು ತಂದಿದ್ದರೆ ೬೦ ಮೀಟರಿಗೆ ರೋಧ ೦.೦೬೪೫ ಓಮ್ ಆಗುತ್ತದೆ. ಕೇಳುವುದಕ್ಕೆ ಇದು ಏನೂ ಅಲ್ಲ. ಆದರೆ ೨೦೦ ಆಂಪೇರಿನಿಂದ ಗುಣಿಸಿ ನೋಡಿ: ಓಮನ ನಿಯಮದಂತೆ ೧೨.೯ ವೋಲ್ಟು ಕೇಬಲ್ಲಿನಲ್ಲಿಯೇ ನಷ್ಟವಾಯಿತು. ಕಡ್ಡಿಯ ತುದಿಗೆ ಬೇಕಾದುದು ೨೮ ವೋಲ್ಟು; ಅದರ ಅರ್ಧಕ್ಕೆ ಹತ್ತಿರವಾದಷ್ಟನ್ನು ದಾರಿಯೇ ತಿಂದುಹಾಕಿತು. ಜೂಲನ ನಿಯಮದಂತೆ ಕೇಬಲ್ಲಿನಲ್ಲಿ ಹುಟ್ಟುವ ಉಷ್ಣ ೨,೫೮೦ ವ್ಯಾಟು. ಮೂರು ನಾಲ್ಕು ಇಸ್ತ್ರಿಪೆಟ್ಟಿಗೆಗಳನ್ನು ಕಾಯಿಸುವಷ್ಟು ಶಕ್ತಿ ಒಣಗಿದ ಕಬ್ಬಿನ ಸಿಪ್ಪೆಯ ಮೇಲೆ ಹಾಸಿದ ರಬ್ಬರಿನೊಳಗೆ ಹರಡಿದೆ ಎಂದರೆ ಅಪಾಯ ಎಂತಹದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅದೇ ದೂರಕ್ಕೆ ೩೫ ಚದರ ಮಿಲಿಮೀಟರಿನ ಕೇಬಲ್ಲಾದರೆ ನಷ್ಟ ೫.೯ ವೋಲ್ಟು, ಉಷ್ಣ ೧,೧೮೦ ವ್ಯಾಟು. ೫೦ ಚದರ ಮಿಲಿಮೀಟರಿಗೆ ೪.೧ ವೋಲ್ಟು, ೭೦ಕ್ಕೆ ೩ ವೋಲ್ಟಿಗೂ ಸ್ವಲ್ಪ ಕಡಮೆ. ನನ್ನ ಅಭಿಪ್ರಾಯದಲ್ಲಿ ಈ ಆಲೆಮನೆಗೆ ೫೦ ಯೋಗ್ಯ. ೭೦ ಇನ್ನೂ ಉತ್ತಮವೇನೋ ನಿಜ. ಆದರೆ ಅದನ್ನು ಕೈಯಲ್ಲಿ ಹಿಡಿದು ದಿನವಿಡೀ ಬಗ್ಗಿ ಬೆಸೆಯುವವನ ಮಣಿಕಟ್ಟನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಷ್ಟೆ. ಹೋಲ್ಡರಿನ ಕಡೆಯ ಕೊನೆಯ ಕೆಲವು ಮೀಟರುಗಳಿಗೆ ಮಾತ್ರ ತೆಳ್ಳಗಿನ, ಮೃದುವಾದ ಕೇಬಲ್ಲನ್ನು ಜೋಡಿಸುವ ರೂಢಿಯೂ ಉಂಟು.

ವೋಲ್ಟೇಜಿನ ನಷ್ಟ ಬೆಸುಗೆಗಾರನ ಅನುಭವಕ್ಕೆ ಬೇರೆ ರೂಪದಲ್ಲಿ ಬರುತ್ತದೆ. ಟ್ರಾನ್ಸ್‌ಫಾರ್ಮರ್ ಯಂತ್ರದಲ್ಲಾದರೆ ಪ್ರವಾಹ ಕುಗ್ಗುತ್ತದೆ, ಕಡ್ಡಿ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ, ಬೆಸುಗೆ ಆಳಕ್ಕೆ ಇಳಿಯದೆ ಮೇಲೆಯೇ ಗಂಟುಗಂಟಾಗಿ ನಿಲ್ಲುತ್ತದೆ. ಇನ್‌ವರ್ಟರ್ ಯಂತ್ರ ಜಾಣತನದಿಂದ ವೋಲ್ಟೇಜನ್ನು ಏರಿಸಿ ಪ್ರವಾಹವನ್ನು ಕಾಪಾಡುತ್ತದೆ; ಆದರೆ ಅದರ ಶಕ್ತಿಗೂ ಒಂದು ಮಿತಿ ಇದೆ, ಮಿತಿ ಮುಟ್ಟಿದೊಡನೆ ಅದೂ ಸೋಲುತ್ತದೆ. ಆಗ ಬೆಸುಗೆಗಾರನು ಮಾಡುವುದೇನು? ಗುಂಡಿ ತಿರುಗಿಸಿ ಪ್ರವಾಹವನ್ನು ಹೆಚ್ಚಿಸುತ್ತಾನೆ. ಉಷ್ಣವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದರಿಂದ ಕೇಬಲ್ಲು ಮತ್ತಷ್ಟು ಕಾಯುತ್ತದೆ. ಕಾದ ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು ಶೇಕಡ ೦.೩೯ರಂತೆ ಏರುವುದರಿಂದ, ೫೦ ಡಿಗ್ರಿ ಕಾಯುವಷ್ಟರಲ್ಲಿ ಐದನೆಯ ಒಂದು ಪಾಲಿನಷ್ಟು ಹೆಚ್ಚಿರುತ್ತದೆ. ಹೀಗೆ ಮದ್ದೇ ರೋಗವನ್ನು ಬೆಳೆಸುತ್ತದೆ.

ಅದೃಷ್ಟವಶಾತ್ ಯಾವ ಬೆಸುಗೆಗಾರನೂ ಬಿಡುವಿಲ್ಲದೆ ಬೆಸೆಯುವುದಿಲ್ಲ. ಕಡ್ಡಿ ಮುಗಿದರೆ ಬದಲಾಯಿಸಬೇಕು, ಮೇಲಿನ ಕಿಟ್ಟವನ್ನು ಕುಟ್ಟಿ ತೆಗೆಯಬೇಕು. ಹತ್ತು ನಿಮಿಷಗಳಲ್ಲಿ ಎಷ್ಟು ನಿಮಿಷ ಪ್ರವಾಹ ಹರಿಯಿತೆಂಬುದನ್ನು ಶೇಕಡಾವಾರಿನಲ್ಲಿ ಹೇಳುವುದು ವಾಡಿಕೆ. ಆರು ನಿಮಿಷ ಬೆಸೆದು ನಾಲ್ಕು ನಿಮಿಷ ಬಿಟ್ಟರೆ ಶೇಕಡ ೬೦. ಹೀಗೆ ಹರಿದ ೨೦೦ ಆಂಪೇರು, ಕೇಬಲ್ಲನ್ನು ಕಾಯಿಸುವ ಮಟ್ಟಿಗೆ, ಬಿಡುವಿಲ್ಲದೆ ಹರಿದ ೧೫೫ ಆಂಪೇರಿಗೆ ಸಮ. ೦.೬ರ ವರ್ಗಮೂಲದಿಂದ ೨೦೦ನ್ನು ಗುಣಿಸಿದರೆ ಈ ಸಂಖ್ಯೆ ಬರುತ್ತದೆ. ವರ್ಗಮೂಲ ಏಕೆಂಬುದನ್ನು ಜೂಲನ ನಿಯಮ ಬಲ್ಲ ವಿದ್ಯಾರ್ಥಿ ತಾನೇ ಕಂಡುಕೊಳ್ಳಬಹುದು. ಕೇಬಲ್ಲಿನ ತಯಾರಕರು ಕೊಡುವ ಪಟ್ಟಿಗಳಲ್ಲಿ ಒಂದೇ ಕೇಬಲ್ಲಿಗೆ ಹಲವು ಆಂಪೇರುಗಳನ್ನು ಬರೆದಿರುವುದು ಇದೇ ಕಾರಣದಿಂದ. ಅವುಗಳಲ್ಲಿ ದೊಡ್ಡ ಸಂಖ್ಯೆಯನ್ನು ಮಾತ್ರ ಓದಿ ಕೊಳ್ಳುವುದು ಜಾಣತನವಲ್ಲ. ಮೇಲಾಗಿ ಆ ಪಟ್ಟಿ ಹೇಳುವುದು ಕಾಯುವುದರ ಮಿತಿಯನ್ನು. ದೂರದಿಂದಾಗುವ ವೋಲ್ಟೇಜಿನ ನಷ್ಟವನ್ನು ನಾವು ಬೇರೆಯಾಗಿಯೇ ಲೆಕ್ಕಹಾಕಬೇಕು.

ಉಳಿದ ಕೇಬಲ್ಲನ್ನು ಸಿಂಬೆಯಂತೆ ಸುತ್ತಿಟ್ಟು ಕೆಲಸ ಮಾಡುವ ಅಭ್ಯಾಸವನ್ನೂ ಬಿಡಬೇಕು. ಸುತ್ತಿನೊಳಗಿನ ಉಷ್ಣ ಹೊರಬರಲಾರದು. ಪರ್ಯಾಯ ಪ್ರವಾಹವಾದರೆ ಸುರುಳಿಯ ಪ್ರೇರಣೆಯೂ ಪ್ರವಾಹಕ್ಕೆ ಅಡ್ಡ ಬರುತ್ತದೆ. ಕಬ್ಬಿಣದ ಪೀಪಾಯಿಗೆ ಸುತ್ತಿದ್ದರಂತೂ ನಾವೇ ಒಂದು ತಡೆಸುರುಳಿಯನ್ನು ಮಾಡಿಟ್ಟಂತೆ.

ಹೊದಿಕೆಯ ಒಳಗೆ ಏನಿದೆ

ಬೆಸುಗೆಯ ಕೇಬಲ್ಲನ್ನು ಕತ್ತರಿಸಿ ನೋಡಿದರೆ ಕೂದಲಿನಂತಹ ಎಳೆಗಳ ದೊಡ್ಡ ಕಟ್ಟೊಂದು ಕಾಣುತ್ತದೆ. ೦.೨ ಮಿಲಿಮೀಟರ್ ದಪ್ಪದ ಎಳೆಗಳಿಂದ ೩೫ ಚದರ ಮಿಲಿಮೀಟರ್ ಆಗಬೇಕಾದರೆ ಸಾವಿರದ ನೂರಕ್ಕೂ ಮೇಲ್ಪಟ್ಟು ಎಳೆಗಳು ಬೇಕು. ಇಷ್ಟೇ ಅಡ್ಡಕೊಯ್ತದ ಒಂಟಿ ಸರಳು ಪ್ರವಾಹವನ್ನು ಅಷ್ಟೇ ಚೆನ್ನಾಗಿ ಹೊರುತ್ತದೆ, ಆದರೆ ಕೈಗೆ ಬಗ್ಗುವುದಿಲ್ಲ. ಬಗ್ಗಿಸುತ್ತ ಹೋದರೆ ಮುರಿಯುತ್ತದೆ. ಎಳೆ ತೆಳುವಾದಷ್ಟೂ ಬಗ್ಗುವಾಗ ಅದರಲ್ಲಾಗುವ ಎಳೆತ ಕಡಮೆ. ಇದರ ಮೇಲಿನ ರಬ್ಬರಿನ ಹೊದಿಕೆ ಕಿಡಿ, ಎಣ್ಣೆ, ತುಳಿತ, ಎಳೆದಾಟಗಳನ್ನು ತಾಳಬೇಕು. ಮನೆಯ ವೈರಿಂಗಿನ ತಂತಿ ಈ ಕೆಲಸಕ್ಕೆ ಆಗದು. ಭಾರತೀಯ ಮಾನಕಗಳಲ್ಲಿ ಬೆಸುಗೆಯ ಕೇಬಲ್ಲಿಗೆಂದೇ ೯೮೫೭ ಎಂಬ ಸಂಖ್ಯೆಯ ಪ್ರತ್ಯೇಕ ಮಾನಕವಿದೆ.

ಕೇಬಲ್ಲಿನ ಹೊರದಪ್ಪವನ್ನು ಬೆರಳಿನಿಂದ ಹಿಡಿದು ನೋಡಿ ಕೊಳ್ಳುವವರು ಮೋಸಹೋಗುವುದುಂಟು. ದಪ್ಪ ರಬ್ಬರಿನೊಳಗೆ ಬಡ ತಾಮ್ರವಿರಬಹುದು; ತಾಮ್ರದ ಬದಲು ತಾಮ್ರದ ತೆಳುಲೇಪವಿರುವ ಅಲ್ಯುಮಿನಿಯಮ್ಮೇ ಇರಬಹುದು. ಪರೀಕ್ಷೆ ಬಹಳ ಸುಲಭ. ೩೫ ಚದರ ಮಿಲಿಮೀಟರ್ ಅಡ್ಡಕೊಯ್ತದ ಒಂದು ಮೀಟರ್ ತಂತಿಯ ಗಾತ್ರ ೩೫ ಘನ ಸೆಂಟಿಮೀಟರ್. ತಾಮ್ರದ ಸಾಂದ್ರತೆ ೮.೯೬ ಆದುದರಿಂದ ಅದು ಸುಮಾರು ೩೧೪ ಗ್ರಾಂ ತೂಗಬೇಕು. ಅಲ್ಯುಮಿನಿಯಮ್ಮಾದರೆ ೯೫ ಗ್ರಾಂ ಮಾತ್ರ. ಒಂದು ಗೇಣು ಕೇಬಲ್ಲಿನ ಹೊದಿಕೆ ಸುಲಿದು ತೂಗಿದರೆ ಸತ್ಯ ಹೊರಬೀಳುತ್ತದೆ. ಎಳೆಯೊಂದನ್ನು ಉಗುರಿನಿಂದಲೋ ಬ್ಲೇಡಿನಿಂದಲೋ ಕೆರೆದರೆ ಒಳಗಿನ ಬಣ್ಣವೂ ಕಾಣುತ್ತದೆ.

ಅಲ್ಯುಮಿನಿಯಮ್ ಎಂದೊಡನೆ ಕೀಳೆಂದು ಭಾವಿಸಬೇಕಾಗಿಲ್ಲ. ಅದರ ರೋಧ ತಾಮ್ರದ ೧.೬ ಪಟ್ಟಿನಷ್ಟಿದೆ. ಅಡ್ಡಕೊಯ್ತವನ್ನು ಅಷ್ಟೇ ಪಟ್ಟು ಹೆಚ್ಚಿಸಿದರೂ ತೂಕ ತಾಮ್ರದ ಅರ್ಧದಷ್ಟು, ಬೆಲೆಯೂ ಕಡಮೆ. ಅದರ ದೋಷವಿರುವುದು ಜೋಡಣೆಯಲ್ಲಿ. ಗಾಳಿ ತಗುಲಿದೊಡನೆ ಅದರ ಮೇಲೆ ವಿದ್ಯುತ್ತಿಗೆ ಎಡೆಕೊಡದ ಆಕ್ಸೈಡಿನ ಪೊರೆ ಕಟ್ಟುತ್ತದೆ. ಬಿಗಿದ ಬೋಲ್ಟಿನ ಕೆಳಗೆ ಲೋಹ ನಿಧಾನವಾಗಿ ಹರಿದು ಸಡಿಲವಾಗುತ್ತದೆ. ಇದಕ್ಕಾಗಿಯೇ ಮಾಡಿದ ಲಗ್ಗುಗಳನ್ನು ಬಳಸಿ, ಆಗಾಗ್ಗೆ ಬಿಗಿಯುವಷ್ಟು ಶ್ರದ್ಧೆಯುಳ್ಳವರು ಮಾತ್ರ ಅದನ್ನು ಕೊಳ್ಳಲಿ.

ಕೇಬಲ್ಲು ಎಷ್ಟೇ ಚೆನ್ನಾಗಿರಲಿ, ಅದರ ತುದಿಗಳು ಕೆಟ್ಟರೆ ಎಲ್ಲವೂ ಕೆಟ್ಟಂತೆ. ಲಗ್ಗನ್ನು ಸುತ್ತಿಗೆಯಿಂದ ಜಜ್ಜಿ ಕೂರಿಸಿದಾಗ, ಇಲ್ಲವೆ ಎಳೆಗಳನ್ನು ಬರಿಗೈಯಿಂದ ತಿರುಚಿ ಬೋಲ್ಟಿಗೆ ಸುತ್ತಿದಾಗ, ಆ ಸ್ಥಳದಲ್ಲಿ ೦.೦೦೫ ಓಮಿನಷ್ಟು ಹೆಚ್ಚಿನ ರೋಧ ಸೇರಿತೆನ್ನೋಣ. ೨೦೦ ಆಂಪೇರಿಗೆ ಅಲ್ಲಿ ನಷ್ಟವಾಗುವುದು ಒಂದೇ ವೋಲ್ಟು. ಆದರೆ ಉಷ್ಣ ೨೦೦ ವ್ಯಾಟು. ಅದೂ ಮೀಟರುಗಟ್ಟಲೆ ಹರಡಿಕೊಳ್ಳದೆ ಅಂಗುಲದಷ್ಟು ಜಾಗದಲ್ಲಿಯೇ. ಕಾದ ಲೋಹಕ್ಕೆ ಬೇಗ ಕಿಲುಬು ಹಿಡಿಯುತ್ತದೆ, ಕಿಲುಬಿನಿಂದ ರೋಧ ಏರುತ್ತದೆ, ರೋಧದಿಂದ ಮತ್ತೆ ಕಾಯುತ್ತದೆ. ಆದ್ದರಿಂದ ಲಗ್ಗು ಕೇಬಲ್ಲಿನ ಅಳತೆಗೆ ಸರಿಯಾಗಿರಬೇಕು. ಅದನ್ನು ಅದರದೇ ಒತ್ತುಯಂತ್ರದಿಂದ, ಎಲ್ಲ ಎಳೆಗಳೂ ಒಳಸೇರುವಂತೆ, ಒತ್ತಬೇಕು. ಬೋಲ್ಟಿನ ಕೆಳಗೆ ಲಗ್ಗಿನ ಮುಖ ನೇರವಾಗಿ ತಾಮ್ರಕ್ಕೆ ಇಲ್ಲವೆ ಹಿತ್ತಾಳೆಗೆ ಕೂರಬೇಕು; ನಡುವೆ ಕಬ್ಬಿಣದ ವಾಷರನ್ನು ಇಡಬಾರದು. ಕೆಲಸ ನಿಲ್ಲಿಸಿ ಯಂತ್ರವನ್ನು ಆರಿಸಿದ ಮೇಲೆ ಒಂದೊಂದು ತುದಿಯನ್ನೂ ಜೋಪಾನವಾಗಿ ಮುಟ್ಟಿ ನೋಡಿದರೆ ರೋಗ ಎಲ್ಲಿದೆಯೆಂಬುದನ್ನು ಕೈಯೇ ಹೇಳುತ್ತದೆ.

'ಅರ್ತ್' ಎಂಬ ತಪ್ಪು ಹೆಸರು

ಈಗ ಎರಡನೆಯ ಕೇಬಲ್ಲಿಗೆ ಬರೋಣ. ನಮ್ಮ ಕಾರ್ಖಾನೆಗಳಲ್ಲಿ ಎಲ್ಲರೂ ಅದನ್ನು 'ಅರ್ತ್' ಎಂದೇ ಕರೆಯುತ್ತಾರೆ. ಅದರ ತುದಿಯ ಹಿಡಿಕೆ 'ಅರ್ತ್ ಕ್ಲ್ಯಾಂಪು'. ಈ ಹೆಸರಿನಿಂದ ಆಗಿರುವ ಹಾನಿ ಅಷ್ಟಿಷ್ಟಲ್ಲ. ಅರ್ತ್ ಎಂದ ಮೇಲೆ ವಿದ್ಯುತ್ತು ಭೂಮಿಗೆ ಹೋಗಿ ಮುಗಿಯುತ್ತದೆ, ಎಲ್ಲಿ ಕಚ್ಚಿಸಿದರೂ ಒಂದೇ ಎಂದು ಕೆಲಸ ಕಲಿಯುವ ಹುಡುಗ ತಿಳಿಯುತ್ತಾನೆ. ಅದು ಹಾಗಲ್ಲ. ಯಂತ್ರದ ಒಂದು ತುದಿಯಿಂದ ಹೊರಟ ೨೦೦ ಆಂಪೇರು ಅದೇ ಯಂತ್ರದ ಮತ್ತೊಂದು ತುದಿಗೆ, ಒಂದಿಷ್ಟೂ ಕಡಮೆಯಾಗದೆ, ಮರಳಲೇಬೇಕು. ನಾವು ಒಳ್ಳೆಯ ದಾರಿಯನ್ನು ಕೊಟ್ಟರೆ ಅದರಲ್ಲಿ ಬರುತ್ತದೆ. ಕೊಡದಿದ್ದರೆ ಸಿಕ್ಕಿದ ದಾರಿಯಲ್ಲಿ ಬರುತ್ತದೆ. ಹಲವು ದಾರಿಗಳಿದ್ದರೆ ಎಲ್ಲದರಲ್ಲಿಯೂ ಅವುಗಳ ರೋಧಕ್ಕೆ ವಿಲೋಮವಾಗಿ ಹಂಚಿಕೊಂಡು ಬರುತ್ತದೆ. ಇದು ಮರಳುವ ಕೇಬಲ್ಲು; ಅರ್ತ್ ಅಲ್ಲ.

ಆಲೆಮನೆಯ ಗಾಣಕ್ಕೇ ಮರಳೋಣ. ಬಿರುಕಿರುವುದು ಚೌಕಟ್ಟಿನಲ್ಲಿ. ಆದರೆ ಚೌಕಟ್ಟಿಗೆ ಬಣ್ಣ ಬಳಿದಿದೆ, ಜಿಡ್ಡು ಹಿಡಿದಿದೆ. ಉರುಳೆಯ ತುದಿಯಲ್ಲಿರುವ ಹಲ್ಲುಚಕ್ರ ಮಾತ್ರ ಹೊಳೆಯುತ್ತಿದೆ. ಹುಡುಗ ಕ್ಲ್ಯಾಂಪನ್ನು ಅಲ್ಲಿ ಕಚ್ಚಿಸುತ್ತಾನೆ. ಚಾಪ ಹೊತ್ತಿತು, ಬೆಸುಗೆಯೂ ಆಯಿತು. ಆದರೆ ಚೌಕಟ್ಟಿನಿಂದ ಉರುಳೆಗೆ ಹೋಗುವ ದಾರಿ ಬೇರಿಂಗಿನ ಮೂಲಕವೇ ಇರುವುದು. ಗುಂಡುಗಳು ಹಳಿಯನ್ನು ಮುಟ್ಟುವ ಸಣ್ಣ ಬಿಂದುಗಳಲ್ಲಿ, ನಡುವಿನ ಗ್ರೀಸಿನ ಪೊರೆಯನ್ನು ಸೀಳಿಕೊಂಡು, ೨೦೦ ಆಂಪೇರು ಹಾಯಿತು. ಪ್ರತಿಯೊಂದು ಬಿಂದುವಿನಲ್ಲಿಯೂ ಒಂದೊಂದು ಸಣ್ಣ ಬೆಸುಗೆ, ಒಂದೊಂದು ಗುಳಿ. ಕೆಲವು ವಾರಗಳ ಮೇಲೆ ಗಾಣ ಗರಗರ ಶಬ್ದ ಮಾಡತೊಡಗಿದಾಗ ಯಾರೂ ಬೆಸುಗೆಯ ದಿನವನ್ನು ನೆನೆಯುವುದಿಲ್ಲ. ಟ್ರೈಲರಿನ ಗಾಲಿಗೂ, ನೀರೆತ್ತುವ ಪಂಪಿಗೂ, ಕ್ರೇನಿನ ಉಕ್ಕಿನ ಹಗ್ಗಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಇದಕ್ಕಿಂತ ಭಯಂಕರವಾದುದು ಇನ್ನೊಂದು ದಾರಿ. ಗಾಣವನ್ನು ತಿರುಗಿಸುವ ಮೋಟಾರಿಗೆ ನಿಜವಾದ ಅರ್ತ್ ತಂತಿಯೊಂದಿದೆ. ಅದು ಮೀಟರಿನ ಕೊಠಡಿಯ ಅರ್ತ್ ಪಟ್ಟಿಗೆ ಹೋಗಿ ಸೇರುತ್ತದೆ. ಬೆಸುಗೆ ಯಂತ್ರದ ಮೈಗೂ ಅಂತಹದೇ ತಂತಿಯೊಂದು ಅದೇ ಪಟ್ಟಿಯಿಂದ ಬಂದಿದೆ. ಇಷ್ಟರಿಂದ ತೊಂದರೆಯಿಲ್ಲ, ಏಕೆಂದರೆ ಯಂತ್ರದ ಒಳಗೆ ಬೆಸುಗೆಯ ಸುತ್ತು ಅದರ ಮೈಯಿಂದ ಬೇರೆಯಾಗಿರುತ್ತದೆ. ಆದರೆ 'ಎರಡೂ ಅರ್ತ್ ತಾನೆ' ಎಂದುಕೊಂಡು ಮರಳುವ ಕೇಬಲ್ಲಿನ ತುದಿಯನ್ನೂ ಯಂತ್ರದ ಮೈಯನ್ನೂ ತಂತಿಯ ತುಂಡಿನಿಂದ ಕೂಡಿಸುವವರಿದ್ದಾರೆ. ಕೆಲವು ವೇಳೆ ಸಡಿಲವಾದ ಲಗ್ಗು ತಾನಾಗಿಯೇ ಮೈಗೆ ತಗುಲಿ ನಿಲ್ಲುತ್ತದೆ. ಈಗ ಕ್ಲ್ಯಾಂಪು ಜಾರಿ ಬಿದ್ದಿತೆನ್ನಿ. ಚಾಪ ಆರಬೇಕಾಗಿತ್ತು, ಆರುವುದಿಲ್ಲ. ಪ್ರವಾಹ ಗಾಣದಿಂದ ಮೋಟಾರಿಗೆ, ಮೋಟಾರಿನ ಅರ್ತ್ ತಂತಿಯಿಂದ ಕೊಠಡಿಗೆ, ಅಲ್ಲಿಂದ ಯಂತ್ರದ ಮೈಗೆ ಹರಿದು ತನ್ನ ಮನೆಯನ್ನು ಸೇರುತ್ತದೆ. ಬೆಳಕು ಸ್ವಲ್ಪ ಮಂಕಾದುದನ್ನು ಬೆಸುಗೆಗಾರನು ಗಮನಿಸಿದರೂ ಕಾರಣ ಅವನಿಗೆ ಹೊಳೆಯಲಾರದು.

ಮೋಟಾರಿನ ಅರ್ತ್ ತಂತಿ ೨.೫ ಚದರ ಮಿಲಿಮೀಟರಿನದೆಂದು ಇಟ್ಟುಕೊಳ್ಳೋಣ. ೨೦ ಆಂಪೇರು ಹರಿದಾಗ ಅದರಲ್ಲಿ ಹುಟ್ಟುವ ಉಷ್ಣವನ್ನು ಅದು ತಾಳಬಲ್ಲದು. ೧೦೦ ಆಂಪೇರು ಹರಿದರೆ ಉಷ್ಣ ಐದು ಪಟ್ಟಲ್ಲ, ಇಪ್ಪತ್ತೈದು ಪಟ್ಟು. ಹೊದಿಕೆ ಕರಗುತ್ತದೆ, ತಂತಿ ಎಲ್ಲಿಯೋ ಒಂದೆಡೆ ಹರಿಯುತ್ತದೆ. ಫ್ಯೂಸು ಏಕೆ ಹೋಗಲಿಲ್ಲವೆಂದು ವಾಚಕರು ಕೇಳಬಹುದು. ಫ್ಯೂಸು ಇರುವುದು ಯಂತ್ರಕ್ಕೆ ವಿದ್ಯುತ್ತು ಬರುವ ದಾರಿಯಲ್ಲಿ. ಅಲ್ಲಿ ಹರಿಯುತ್ತಿರುವುದು ಎಂದಿನ ಪ್ರವಾಹವೇ. ಆ ಕಡೆಯಿಂದ ನೋಡಿದರೆ ಯಾವ ಅನರ್ಥವೂ ನಡೆದಿಲ್ಲ. ಸಂಜೆ ಬೆಸುಗೆಗಾರನು ಕೂಲಿ ಪಡೆದು ಮನೆಗೆ ಹೋಗುತ್ತಾನೆ. ಮರುದಿನ ಗಾಣ ತಿರುಗುತ್ತದೆ. ಅರ್ತ್ ತಂತಿ ಇಲ್ಲದಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಮೋಟಾರು ಓಡುವುದಕ್ಕೆ ಅದರ ಅವಶ್ಯಕತೆಯೇ ಇಲ್ಲ. ಮುಂದೆ ಎಂದಾದರೊಂದು ದಿನ ಮೋಟಾರಿನ ಒಳಹೊದಿಕೆ ಕೆಟ್ಟು ವಿದ್ಯುತ್ತು ಅದರ ಮೈಗೆ ಬಂದಾಗ, ಒದ್ದೆ ನೆಲದ ಮೇಲೆ ನಿಂತು ಗಾಣಕ್ಕೆ ಕಬ್ಬು ಕೊಡುತ್ತಿರುವವನನ್ನು ಕಾಯುವುದಕ್ಕೆ ಏನೂ ಉಳಿದಿರುವುದಿಲ್ಲ.

ಇಷ್ಟಕ್ಕೆಲ್ಲ ಪರಿಹಾರ ಎರಡು ನಿಮಿಷದ ಕೆಲಸ. ಬಿರುಕಿಗೆ ಸಾಧ್ಯವಾದಷ್ಟು ಹತ್ತಿರದಲ್ಲಿ, ಅದೇ ಲೋಹದ ತುಂಡಿನ ಮೇಲೆ, ಬಣ್ಣವನ್ನೂ ತುಕ್ಕನ್ನೂ ಉಜ್ಜಿ ತೆಗೆದು ಕ್ಲ್ಯಾಂಪನ್ನು ಬಿಗಿಯಬೇಕು. ಮರಳುವ ಕೇಬಲ್ಲಿನ ದಪ್ಪ ಹೋಗುವ ಕೇಬಲ್ಲಿನಷ್ಟೇ ಇರಬೇಕು. ಅದಕ್ಕೆ ಬದಲಾಗಿ ಕಬ್ಬಿಣದ ಸರಳುಗಳನ್ನು ಒಂದಕ್ಕೊಂದು ತಾಗಿಸಿ ಹಾಸುವ ಪದ್ಧತಿ ಕೆಲವೆಡೆ ಇದೆ. ಸಾಧಾರಣ ಉಕ್ಕಿನ ರೋಧ ತಾಮ್ರದ ಎಂಟು ಪಟ್ಟಿನ ಆಸುಪಾಸಿನಲ್ಲಿರುವುದರಿಂದ, ೧೨ ಮಿಲಿಮೀಟರಿನ ಸರಳು ಸುಮಾರು ೧೪ ಚದರ ಮಿಲಿಮೀಟರ್ ತಾಮ್ರಕ್ಕೆ ಸಮವಾದೀತು. ಆದರೆ ತುಕ್ಕು ಹಿಡಿದ ತುದಿಗಳು ತಾಗುವ ಪ್ರತಿಯೊಂದು ಕಡೆಯೂ ಕಿಡಿ ಹಾರುವ ಸ್ಥಳವೇ.

ಬೆಸುಗೆಯ ವೋಲ್ಟೇಜು ಕಡಮೆಯಾದುದರಿಂದ ಮುಟ್ಟಿದರೂ ಬಾಧಕವಿಲ್ಲವೆಂಬ ನಂಬಿಕೆ ಬಲವಾಗಿದೆ. ಚಾಪ ಉರಿಯುವಾಗ ೨೮ ವೋಲ್ಟು ಇರುವುದು ನಿಜ. ಕಡ್ಡಿಯನ್ನು ಎತ್ತಿ ಹಿಡಿದಾಗ ಮಾತ್ರ ಹೋಲ್ಡರಿನಲ್ಲಿ ೫೦ರಿಂದ ೮೦ ವೋಲ್ಟಿನವರೆಗೆ ಇರುತ್ತದೆ. ಒಣಗಿದ ಚರ್ಮ ಇದನ್ನು ತಡೆದೀತು. ಬೆವರಿನಿಂದ ತೊಯ್ದ ಮೈ ತಡೆಯಲಾರದು. ಒಂದು ಆಂಪೇರಿನ ಸಾವಿರದಲ್ಲಿ ಮೂವತ್ತು ನಲವತ್ತು ಪಾಲಿನಷ್ಟು ಪ್ರವಾಹ ಎದೆಯ ಮೂಲಕ ಹಾದುಹೋದರೂ ಜೀವಕ್ಕೆ ಅಪಾಯ. ಬಿಸಿಲಿನಲ್ಲಿ ಕಬ್ಬಿಣದ ತೊಟ್ಟಿಯೊಳಗೆ ಮಂಡಿಯೂರಿ ಬೆಸೆಯುವವನು ಸುತ್ತಲೂ ಮರಳುವ ದಾರಿಯಿಂದಲೇ ಆವೃತನಾಗಿರುತ್ತಾನೆಂಬುದನ್ನು ಮರೆಯಬಾರದು. ಹೋಲ್ಡರಿನಿಂದ ಮೂರು ಮೀಟರಿನೊಳಗೆ ಕೇಬಲ್ಲಿಗೆ ಜೋಡುಗಂಟು ಇರಬಾರದೆಂದೂ, ಕೇಬಲ್ಲನ್ನು ಹೆಗಲಿಗೋ ಸೊಂಟಕ್ಕೋ ಸುತ್ತಿಕೊಳ್ಳಬಾರದೆಂದೂ ಅಮೆರಿಕದ ಕಾರ್ಮಿಕ ಸುರಕ್ಷತೆಯ ನಿಯಮಗಳು ವಿಧಿಸುತ್ತವೆ. ಕಡ್ಡಿ ಎತ್ತಿದೊಡನೆ ವೋಲ್ಟೇಜನ್ನು ತಾನಾಗಿಯೇ ತಗ್ಗಿಸುವ ಸಾಧನವೂ ಈಗಿನ ಹಲವು ಯಂತ್ರಗಳಲ್ಲಿದೆ. ಕೊಳ್ಳುವಾಗ ಕೇಳಿ ಕೊಳ್ಳುವುದು ಮೇಲು.

ಯಂತ್ರಕ್ಕೆ ವಿದ್ಯುತ್ತು ಬರುವ ಕಡೆಯ ಕೇಬಲ್ಲಿನ ವಿಷಯದಲ್ಲಿ ಒಂದು ಜಿಜ್ಞಾಸೆ ಇದೆ. ಅಲ್ಲಿ ಪ್ರವಾಹ ಮೂವತ್ತು ಆಂಪೇರಿನ ಸುಮಾರಿನಲ್ಲಿರುತ್ತದೆ. ೬ ಚದರ ಮಿಲಿಮೀಟರಿನ ತಂತಿಯನ್ನು ೩೦ ಮೀಟರ್ ಎಳೆದರೂ ನಷ್ಟ ಐದು ವೋಲ್ಟು, ೨೩೦ರಲ್ಲಿ ಅದು ಲೆಕ್ಕಕ್ಕಿಲ್ಲ. ಹಾಗಾದರೆ ಇದನ್ನೇ ಉದ್ದ ಮಾಡಿ ಯಂತ್ರವನ್ನು ಗಾಣದ ಬಳಿಗೆ ಒಯ್ದರೆ ತಾಮ್ರ ಎಷ್ಟೋ ಉಳಿಯುವುದಲ್ಲವೆ? ಓಮನ ನಿಯಮ ಒಪ್ಪುತ್ತದೆ. ಆದರೆ ೨೩೦ ವೋಲ್ಟಿನ ತಂತಿ ಕಿಡಿಗಳ ನಡುವೆ, ಗಾಡಿಯ ಗಾಲಿಯ ಕೆಳಗೆ, ಒದ್ದೆ ನೆಲದಲ್ಲಿ ಹೊರಳಾಡುವುದನ್ನು ಯಾವ ಅನುಭವಿಯೂ ಒಪ್ಪಲಾರನು. ಗಾಣದ ಬಳಿ ಬೆಸುಗೆಯ ಕೆಲಸ ಮತ್ತೆ ಮತ್ತೆ ಬರುವುದಾದರೆ ಅಲ್ಲಿಯವರೆಗೆ ಉಕ್ಕಿನ ಕವಚದ ಕೇಬಲ್ಲನ್ನು ಶಾಶ್ವತವಾಗಿ ಹೂಳಿ ಸ್ವಿಚ್ಚಿನ ಪೆಟ್ಟಿಗೆಯೊಂದನ್ನು ಇಡುವುದು ಲೇಸು. ಮನೆಯ ೧೬ ಆಂಪೇರಿನ ಸಾಕೆಟ್ಟಿನಿಂದ ೨೦೦ ಆಂಪೇರಿನ ಬೆಸುಗೆಯನ್ನು ನಡೆಸಲು ಹೊರಡುವುದಂತೂ ಸಲ್ಲದು. ಆ ಸಾಕೆಟ್ಟು ಕೊಡಬಲ್ಲ ೩,೭೦೦ ವ್ಯಾಟು ಚಾಪದ ೫,೬೦೦ಕ್ಕೇ ಸಾಲದು.

ಒಮ್ಮುಖ ಪ್ರವಾಹದ ಯಂತ್ರದಲ್ಲಿ ಯಾವ ಕೇಬಲ್ಲನ್ನು ಧನಧ್ರುವಕ್ಕೆ ಸೇರಿಸಬೇಕೆಂಬುದು ಕಡ್ಡಿಯ ಲೇಪವನ್ನು ಅವಲಂಬಿಸಿದೆ. ಕಡ್ಡಿಯ ಪೊಟ್ಟಣದ ಮೇಲೆ ಅದನ್ನು ಅಚ್ಚುಮಾಡಿರುತ್ತಾರೆ. ಇಂತಹ ಪ್ರವಾಹದಲ್ಲಿ ಚಾಪವು ಗಾಳಿಗೆ ಸಿಕ್ಕ ದೀಪದಂತೆ ಒಂದು ಪಕ್ಕಕ್ಕೆ ವಾಲುವುದುಂಟು. ಅದು ಗಾಳಿಯಿಂದಲ್ಲ, ಕಬ್ಬಿಣದಲ್ಲಿ ಹರಿಯುವ ಪ್ರವಾಹದ ಕಾಂತಕ್ಷೇತ್ರ ಅದನ್ನು ತಳ್ಳುತ್ತಿರುತ್ತದೆ. ಕ್ಲ್ಯಾಂಪನ್ನು ಬೇರೆ ತುದಿಗೆ ಬದಲಾಯಿಸಿದರೆ ಎಷ್ಟೋ ವೇಳೆ ಚಾಪ ನೆಟ್ಟಗಾಗುತ್ತದೆ.

ಕಾಲೇಜಿನ ಕಾರ್ಯಾಗಾರದಲ್ಲಿ ಅವಕಾಶವಿರುವ ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಬಹುದು. ಶಿಕ್ಷಕರ ಸಮ್ಮುಖದಲ್ಲಿ, ಒಬ್ಬನು ೨೦೦ ಆಂಪೇರಿನಲ್ಲಿ ಬೆಸೆಯುತ್ತಿರುವಾಗ, ಮರಳುವ ಕೇಬಲ್ಲಿನ ಯಂತ್ರದ ತುದಿಗೂ ಕ್ಲ್ಯಾಂಪು ಕಚ್ಚಿರುವ ಕಬ್ಬಿಣಕ್ಕೂ ನಡುವೆ ಇರುವ ವೋಲ್ಟೇಜನ್ನು ಮೀಟರಿನಿಂದ ಅಳೆಯಿರಿ. ಉದ್ದದ ತಂತಿ ಬೇಕಾದೀತು. ೩೫ ಚದರ ಮಿಲಿಮೀಟರಿನ ೩೦ ಮೀಟರ್ ಕೇಬಲ್ಲಾದರೆ ಒಮ್ಮುಖ ಪ್ರವಾಹಕ್ಕೆ ಮೂರು ವೋಲ್ಟಿನ ಸುಮಾರು ಬರಬೇಕು. ಐದು ಬಂದರೆ ಹೆಚ್ಚಿನ ಎರಡು ವೋಲ್ಟು ತಾಮ್ರದಲ್ಲಿ ಹೋದುದಲ್ಲ. ಮೀಟರಿನ ಕಡ್ಡಿಯನ್ನು ಮೊದಲು ಲಗ್ಗಿನ ಎರಡು ಪಕ್ಕಕ್ಕೂ, ಆಮೇಲೆ ಜೋಡುಗಂಟಿನ ಎರಡು ಪಕ್ಕಕ್ಕೂ, ಕಡೆಗೆ ಕ್ಲ್ಯಾಂಪಿನ ದವಡೆಗೂ ಕಬ್ಬಿಣಕ್ಕೂ ಮುಟ್ಟಿಸುತ್ತ ಹೋಗಿ. ಕಳೆದ ಎರಡು ವೋಲ್ಟು ಈ ಮೂರರಲ್ಲಿ ಒಂದು ಕಡೆ ಸಿಕ್ಕುತ್ತದೆ, ಬಹುಮಟ್ಟಿಗೆ ಕ್ಲ್ಯಾಂಪಿನಲ್ಲಿಯೇ.